ಸಂಘದ ಮೀಟಿಂಗಿನಲ್ಲಿ ಉಪ್ಪಿನ ವಿಷಯ ಹೇಗೆ ಹೇಳುವುದು?

ಉಡುಪಿ ಹತ್ತಿರದ ನಿಮ್ಮ ಸ್ವಸಹಾಯ ಸಂಘದಲ್ಲಿ ಉಪ್ಪು, ಬಿಪಿ ಬಗ್ಗೆ ಮಾತಾಡಬೇಕು, ಆದರೆ ಎಲ್ಲರೂ "ನಮ್ಮಲ್ಲಿ ಉಪ್ಪು ಕಡಿಮೆಯೇ" ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮಂಗಳೂರು ಕಡೆಯ ಸಂಘಗಳಲ್ಲಿ ನಾನೂ ಈ ವಿಷಯ ಮಾತಾಡುತ್ತೇನೆ. ಇಲ್ಲಿನವರೂ ಉಪ್ಪು ಕಡಿಮೆಯೇ ಅನ್ನುತ್ತಾರೆ.

ಸೋಡಿಯಂ, ಮಿಲಿಗ್ರಾಂ ಅಂತ ಶುರು ಮಾಡಬೇಡಿ. ಹಿಂದಿನ ಸಾಲಿನವರು ಮೊಬೈಲ್ ತೆಗೆಯುತ್ತಾರೆ. ಒಂದೇ ಪ್ರಶ್ನೆ ಕೇಳಿ: ಒಂದು ಕಿಲೋ ಉಪ್ಪಿನ ಪ್ಯಾಕೆಟ್ ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ?

ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೇ ಉಪ್ಪು ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚುಕಡಿಮೆ ಒಂದು ಟೀ ಚಮಚ. ನಾಲ್ಕು ಜನರಿಗೆ 20 ಗ್ರಾಂ, ಅಂದರೆ ಆ ಪ್ಯಾಕೆಟ್ 50 ದಿನವಾದರೂ ಬರಬೇಕು. ಬೇಕರಿ, ಹೋಟೆಲ್ ತಿಂಡಿಯ ಉಪ್ಪು ಬೇರೆ. "ಅಯ್ಯೋ, ನಮಗೆ ತಿಂಗಳಿಗೆ ಒಂದು ಬೇಕು" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲ್ಲಿಂದ ಮಾತು ತಾನೇ ಬೆಳೆಯುತ್ತದೆ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಲು ಹೇಳಿ. ಮಾವಿನ ಮಿಡಿಗೆ, ಹಲಸಿನ ಸೊಳೆಗೆ ಹಾಕುವ ಕಲ್ಲುಪ್ಪು ಈ ಲೆಕ್ಕಕ್ಕೆ ಬೇಡ. ಅದರಲ್ಲಿ ಎಷ್ಟೋ ಪಾಲು ಉಪ್ಪುನೀರಿನಲ್ಲೇ ಉಳಿಯುತ್ತದೆ.

ಇನ್ನು ಊಟ. ಕುಚ್ಚಲಕ್ಕಿ ಗಂಜಿ ಸಪ್ಪೆಯೇ, ಸರಿ. ಆದರೆ ಬದಿಯಲ್ಲಿ ಏನಿದೆ? ಉಪ್ಪಿನಕಾಯಿ, ಒಣಮೀನು, ಹಪ್ಪಳ, ಮಜ್ಜಿಗೆ ಮೆಣಸು. ಮಳೆಗಾಲದಲ್ಲಂತೂ ಇವೇ ಗತಿ. ಬಿಟ್ಟುಬಿಡಿ ಅಂದರೆ ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಒಂದು ಊಟಕ್ಕೆ ಇವುಗಳಲ್ಲಿ ಒಂದೇ ಸಾಕು ಅನ್ನಿ. ಒಣಮೀನು, ಉಪ್ಪುಸೊಳೆಯನ್ನು ನೆನೆಸಿ, ಆ ನೀರು ಚೆಲ್ಲಿ, ರುಚಿ ನೋಡಿದ ಮೇಲೆಯೇ ಪದಾರ್ಥಕ್ಕೆ ಬೇರೆ ಉಪ್ಪು. ಪುನರ್ಪುಳಿ ಸಾರು, ತಂಬುಳಿ, ಬಿಂಬುಳಿ ಚಟ್ನಿಯಲ್ಲಿ ಹುಳಿ ಜೋರಾಗಿರುವುದರಿಂದ ಉಪ್ಪು ಇಳಿಸಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಒಮ್ಮೆಲೇ ಅರ್ಧ ಮಾಡಿದರೆ ಮನೆಯಲ್ಲಿ ಗಲಾಟೆ ಗ್ಯಾರಂಟಿ. ಚಿಟಿಕೆ ಚಿಟಿಕೆಯಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

"ಈ ಸೆಖೆಗೆ ಬೆವರಿ ಉಪ್ಪೆಲ್ಲ ಹೋಗುತ್ತದಲ್ವಾ?" ಈ ಪ್ರಶ್ನೆ ಬರುತ್ತದೆ, ತಯಾರಾಗಿ ಹೋಗಿ. ಮನೆಕೆಲಸ, ಆಫೀಸ್ ಕೆಲಸದ ಬೆವರಿಗೆ ಊಟದ ಉಪ್ಪೇ ಧಾರಾಳ. ಜಾಸ್ತಿಯಾದ ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ರಕ್ತದ ಒತ್ತಡ ಏರುತ್ತದೆ. ತಲೆ ತಿರುಗಿದರೆ ಮಾತ್ರ ಬಿಪಿ ಅಂದುಕೊಂಡವರೂ ಇರುತ್ತಾರೆ. ಎಷ್ಟೋ ಜನರಿಗೆ ಯಾವ ಸೂಚನೆಯೂ ಇರುವುದಿಲ್ಲ, ಅಳೆಸಿಯೇ ನೋಡಬೇಕು.

ಇಂದುಪ್ಪು, ಕಲ್ಲುಪ್ಪು ಒಳ್ಳೆಯದು ಅನ್ನುವವರಿಗೆ, ಅವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್ ಅಂತ ಹೇಳಿ. ಅಯೋಡಿನ್ ಇರುವ ಉಪ್ಪನ್ನೇ ಕಡಿಮೆ ಬಳಸಲಿ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಷಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ಬೇಡ. ಉಪ್ಪು ಇಳಿಸಿದ್ದೇನೆ ಅಂತ ಮಾತ್ರೆ ನಿಲ್ಲಿಸಬಾರದು, ಇದನ್ನು ಮಾತ್ರ ಎರಡು ಸಲ ಹೇಳಿ.