ಬೋರ್ಡಿನ ಮೇಲಿನ ವರ್ಷ, ಲೈಸೆನ್ಸಿನ ಮೇಲಿನ ಹೆಸರು

ಓದುಗರ ಪತ್ರ: ಮಗಳ ಮನೆಗೆಂದು ಇಂಗ್ಲೆಂಡಿನ ಕಾರ್ಲೈಲ್ ಬಳಿಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಊರಿಗಿದ್ದ ಒಂದೇ ಪಬ್ಬು ಮುಚ್ಚಿದೆ. ‘1610ರಿಂದ’ ಎಂಬ ಬೋರ್ಡು ಮಾತ್ರ ನೇತಾಡುತ್ತಿದೆ. ಊರವರು ಅಚ್ಚು ಹಾಕಿಸಿದ ಕಿರುಪುಸ್ತಕದಲ್ಲಿ ಪಬ್ಬಿನ ಲ್ಯಾಂಡ್‌ಲಾರ್ಡ್‌ಗಳ, ಅಂದರೆ ಅದನ್ನು ನಡೆಸಿದವರ, ಪಟ್ಟಿ ಇದೆ. ಹಳಬರು ಮೂವತ್ತು ನಲವತ್ತು ವರ್ಷ ನಡೆಸಿದ್ದಾರೆ. 1916ರಿಂದ 1973ರವರೆಗೆ ‘ಸರ್ಕಾರಿ ಮ್ಯಾನೇಜರ್’ ಎಂದಷ್ಟೇ ಇದೆ. 1990ರ ಈಚಿನವರು ಎರಡು ವರ್ಷವೂ ನಿಂತಿಲ್ಲ. ಈಗಿನವರಿಗೆ ಮೈಬಗ್ಗಿಸಿ ದುಡಿಯುವುದು ಬೇಡ, ಅದಕ್ಕೇ ಮುಚ್ಚಿತು ಅನ್ನಿಸುತ್ತದೆ. ಅಷ್ಟಕ್ಕೂ ಹೆಂಡದಂಗಡಿಗೊಂದು ಇತಿಹಾಸ ಬೇಕೇ?
— ನಿವೃತ್ತ ಶಿಕ್ಷಕರು, ಸಾಗರ

ಸಂಪಾದಕರ ಉತ್ತರ:

ಬೇಕು ಮೇಷ್ಟ್ರೇ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಅನುಮಾನಾಸ್ಪದ ಸಾವಿನ ವಿಚಾರಣೆ, ಗೇಣಿ ವಸೂಲಿ, ಹರಾಜು, ಕೂಲಿಕಾರರ ಚಂದಾ ಸಂಘದ ಸಭೆ ಎಲ್ಲ ನಡೆಯುತ್ತಿದ್ದದ್ದು ಪಬ್ಬಿನ ಕೋಣೆಯಲ್ಲೇ. ಅದನ್ನು ಬಿಟ್ಟು ಬರೆದರೆ ಆ ಊರಿನ ಇತಿಹಾಸದಲ್ಲಿ ಪಾದ್ರಿ ಮತ್ತು ಜಮೀನ್ದಾರ ಇಬ್ಬರೇ ಉಳಿದಾರು.

ನೀವು ಪಟ್ಟಿಯನ್ನು ಇಷ್ಟು ಗಮನವಿಟ್ಟು ಓದಿದ್ದೀರಿ, ತೀರ್ಪಿಗೆ ಮಾತ್ರ ಅವಸರ ಮಾಡಿದಿರಿ.

ಮೊದಲು ಬೋರ್ಡಿನ ವಿಚಾರ. ‘1610ರಿಂದ’ ಎಂಬುದು ಬಹುಪಾಲು ಗೋಡೆಯ ವಯಸ್ಸು, ಧಂಧೆಯದಲ್ಲ. ರೈತನ ಮನೆಯಾಗಿ ಕಟ್ಟಿದ್ದು ಇನ್ನೂರು ವರ್ಷದ ಮೇಲೆ ಪಬ್ಬಾದ ಉದಾಹರಣೆಗಳು ಬೇಕಾದಷ್ಟಿವೆ. ಧಂಧೆಯ ವಯಸ್ಸಿಗೆ ಸಾಕ್ಷಿ ಲೈಸೆನ್ಸು. 1552ರ ಕಾಯ್ದೆಯಿಂದ ಬಿಯರ್ ಮಾರುವವನು ಇಬ್ಬರು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು, ಜಾಮೀನುದಾರರನ್ನು ಕೊಟ್ಟು, ಸುವ್ಯವಸ್ಥೆ ಕಾಪಾಡುತ್ತೇನೆಂದು ಮುಚ್ಚಳಿಕೆ ಬರೆಯಬೇಕಿತ್ತು. 1753ರಿಂದ ಜಿಲ್ಲೆಯ ಗುಮಾಸ್ತ ಆ ಮುಚ್ಚಳಿಕೆಗಳ ರಿಜಿಸ್ಟರು ಇಡಬೇಕೆಂದಾಯಿತು. ಅಂದಿನಿಂದ 1828ರವರೆಗಿನ ಕಟ್ಟು ಜಿಲ್ಲಾ ದಾಖಲೆ ಕಚೇರಿಯಲ್ಲಿ ಉಳಿದಿದ್ದರೆ ವರ್ಷವರ್ಷದ ಹೆಸರು ಸಿಗುತ್ತದೆ. 1828ರಲ್ಲಿ ಮುಚ್ಚಳಿಕೆಯ ಪದ್ಧತಿ ಹೋಯಿತು. ಲೈಸೆನ್ಸಿನ ರಿಜಿಸ್ಟರು ಕಡ್ಡಾಯವಾದದ್ದು 1872ರಲ್ಲಿ. ನಡುವಿನ ನಲವತ್ತು ಚಿಲ್ಲರೆ ವರ್ಷಕ್ಕೆ ಜನಗಣತಿ, ವ್ಯಾಪಾರಿ ಡೈರೆಕ್ಟರಿ, ಸ್ಥಳೀಯ ಪತ್ರಿಕೆಯ ಲೈಸೆನ್ಸ್ ವರದಿ ಇವುಗಳನ್ನೇ ಹೊಲಿಯಬೇಕು.

ಪಟ್ಟಿ ಮಾಡುವವರು ಎಡವುವುದು ಇಲ್ಲೇ. 1830ರ ಬಿಯರ್‌ಹೌಸ್ ಕಾಯ್ದೆಯಲ್ಲಿ ತೆರಿಗೆ ಕಟ್ಟುವ ಗೃಹಸ್ಥ ಯಾರೇ ಆಗಲಿ ವರ್ಷಕ್ಕೆ 2 ಗಿನಿ (ಎರಡು ಪೌಂಡಿಗೆ ತುಸು ಹೆಚ್ಚು) ಕೊಟ್ಟರೆ ಮ್ಯಾಜಿಸ್ಟ್ರೇಟರ ಹಂಗಿಲ್ಲದೆ ಬಿಯರ್ ಮಾರಬಹುದಾಯಿತು. ಕೆಲವೇ ತಿಂಗಳಲ್ಲಿ ಸಾವಿರಾರು ಅಂಗಡಿ ಎದ್ದವು. ಡೈರೆಕ್ಟರಿಯಲ್ಲಿ ಇವರು ‘ಬಿಯರ್ ಮಾರುವವ’ ಮಾತ್ರ, ಅಂಗಡಿಯ ಹೆಸರಿಲ್ಲ. ಅಪ್ಪ ಮಗನಿಗೆ ಒಂದೇ ಹೆಸರಿದ್ದರೆ ಪಟ್ಟಿಯಲ್ಲಿ ಇಬ್ಬರೂ ಸೇರಿ ನಲವತ್ತು ವರ್ಷದ ಒಬ್ಬನಾಗುತ್ತಾರೆ. ಗಂಡ ಸತ್ತ ಮೇಲೆ ಲೈಸೆನ್ಸು ಹೆಂಡತಿಯ ಹೆಸರಿಗೆ ವರ್ಗವಾಗುವುದು ಮಾಮೂಲು. ಎರಡು ಡೈರೆಕ್ಟರಿಗಳ ನಡುವೆ ಆಕೆ ನಡೆಸಿ ಮುಗಿಸಿದ್ದರೆ ಪಟ್ಟಿಯಿಂದಲೇ ಮಾಯ. ನಿಮ್ಮ ಕಿರುಪುಸ್ತಕದಲ್ಲಿ ಹೆಂಗಸರ ಹೆಸರು ಎಷ್ಟಿವೆ, ಎಣಿಸಿ ನೋಡಿ.

ಪಬ್ಬಿನ ಲ್ಯಾಂಡ್‌ಲಾರ್ಡ್ ಕಟ್ಟಡದ ಮಾಲೀಕನಾಗಿರುವುದು ಅಪರೂಪ, ಹೆಚ್ಚಿನವರು ಗೇಣಿದಾರರು. ಮಾಲೀಕ ಯಾರು, ಗೇಣಿದಾರ ಯಾರು ಎಂದು ಬೇರೆ ಬೇರೆ ಕಾಲಂನಲ್ಲಿ ತೋರಿಸುವ ದಾಖಲೆಗಳಲ್ಲಿ ಎರಡು: 1836ರ ನಂತರದ ಚರ್ಚ್ ದಶಾಂಶ ತೆರಿಗೆಯ ನಕ್ಷೆಗಳು ಮತ್ತು 1910ರ ಭೂಮೌಲ್ಯ ಸರ್ವೆಯ ಪುಸ್ತಕಗಳು. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಮಾಲೀಕನ ಕಾಲಂಗೆ ಬ್ರೂವರಿ, ಅಂದರೆ ಬಿಯರ್ ತಯಾರಿಸುವ ಕಂಪನಿ, ಯಾವಾಗ ಬಂತೆಂದು ತಿಳಿಯುತ್ತದೆ.

ಇನ್ನು ನಲವತ್ತು ವರ್ಷ ನಿಂತವರ ಗುಟ್ಟು. ಜನಗಣತಿಯಲ್ಲಿ ಅವರ ಕಸುಬಿನ ಕಾಲಂ ಓದಿ: ‘ಕಮ್ಮಾರ ಮತ್ತು ಬಿಯರ್ ವ್ಯಾಪಾರಿ’, ‘ಪಬ್ಬಿನವ ಮತ್ತು ರೈತ’, ಬಡಗಿ, ಕಟುಕ, ಗಾಡಿ ಮಾಡುವವ. ಹಳ್ಳಿ ಪಬ್ಬು ಅವರ ಅರ್ಧ ಅನ್ನ. ಹಗಲು ಕುಲುಮೆ ಆತನದು, ಬಾಗಿಲು ಕಾಯುವವಳು ಹೆಂಡತಿ. ಬಿಯರು ಬಿಕರಿಯಾಗದ ಚಳಿಗಾಲವನ್ನು ಹಂದಿ, ಹಸು, ಹೊಲ ದಾಟಿಸುತ್ತಿದ್ದವು. ಆಮೇಲೆ ಕುಲುಮೆ ಹೋಯಿತು, ಹಿತ್ತಲ ಹೊಲ ಬೇರೆಯಾಗಿ ಮಾರಾಟವಾಯಿತು, ಲಾಯ ಕಾರು ನಿಲ್ಲಿಸುವ ಜಾಗವಾಯಿತು. ಬರೀ ಬಿಯರಿನಲ್ಲಿ ಸಂಸಾರ ಹೂಡಿ ಎಂದು 1990ರವನಿಗೆ ಹೇಳಿ, ಅವನನ್ನು 1860ರ ಕಮ್ಮಾರನ ಜೊತೆ ತೂಗುವುದು ಯಾವ ನ್ಯಾಯ?

ಸರ್ಕಾರಿ ಮ್ಯಾನೇಜರ ಕಥೆ ಆ ಸೀಮೆಯ ವಿಶೇಷ. ಮೊದಲ ಮಹಾಯುದ್ಧದಲ್ಲಿ ಗ್ರೆಟ್ನಾದ ಮದ್ದುಗುಂಡಿನ ಕಾರ್ಖಾನೆಗೆ ಬಂದ ಸಾವಿರಾರು ಕೆಲಸಗಾರರ ಕುಡಿತ ತಡೆಯಲು 1916ರಲ್ಲಿ ಸರ್ಕಾರವೇ ಕಾರ್ಲೈಲ್ ಸುತ್ತಿನ ಬ್ರೂವರಿ, ಪಬ್ಬುಗಳನ್ನು ಕೊಂಡಿತು. ನಡೆಸುವವನಿಗೆ ಸಂಬಳ, ಬಿಯರು ಹೆಚ್ಚು ಮಾರಿದರೆ ಲಾಭವಿಲ್ಲ, ಊಟ ಮಾರಲು ಉತ್ತೇಜನವಿತ್ತು. ವ್ಯವಸ್ಥೆ ಯುದ್ಧ ಮುಗಿದು ಅರ್ಧ ಶತಮಾನದ ಮೇಲೂ ಮುಂದುವರಿದು 1970ರ ದಶಕದ ಆರಂಭದಲ್ಲಿ ಮಾರಾಟವಾಯಿತು. ಎಂಎಸ್‌ಐಎಲ್ ಮದ್ಯದಂಗಡಿ ಕಂಡಿರುವ ನಮಗೆ ಇದೇನೂ ವಿಚಿತ್ರವಲ್ಲ, ಅಲ್ಲವೇ?

1990ರ ಸುಮಾರಿಗೆ ಪಟ್ಟಿ ಏಕೆ ಚೂರಾಯಿತು? 1989ರ ಸರ್ಕಾರಿ ಆಜ್ಞೆಗಳ ಪ್ರಕಾರ 2,000ಕ್ಕಿಂತ ಹೆಚ್ಚು ಪಬ್ಬಿದ್ದ ಬ್ರೂವರಿ, ಹೆಚ್ಚುವರಿಯ ಅರ್ಧವನ್ನು ತನ್ನಲ್ಲೇ ಬಿಯರು ಕೊಳ್ಳಬೇಕೆಂಬ ಕಟ್ಟುಪಾಡಿನಿಂದ ಬಿಡಬೇಕಾಯಿತು. ಸಾವಿರಾರು ಪಬ್ಬುಗಳು ಬಿಯರ್ ತಯಾರಿಸದ, ಬರೀ ಆಸ್ತಿ ಇಟ್ಟುಕೊಂಡ ಕಂಪನಿಗಳ ಕೈಸೇರಿದವು. ಗೇಣಿದಾರ ಬಾಡಿಗೆಯನ್ನೂ ಕೊಡಬೇಕು, ಕಂಪನಿ ಹೇಳಿದಲ್ಲೇ, ಹೇಳಿದ ದರಕ್ಕೇ ಬಿಯರನ್ನೂ ಕೊಳ್ಳಬೇಕು. ದೊಡ್ಡ ಕಂಪನಿಯ ಗೇಣಿದಾರನಿಗೆ ಮಾರುಕಟ್ಟೆ ಬಾಡಿಗೆ ಮಾತ್ರ ಕೊಟ್ಟು ಈ ಕಟ್ಟಿನಿಂದ ಬಿಡಿಸಿಕೊಳ್ಳುವ ಹಕ್ಕು ಬಂದದ್ದು 2016ರಲ್ಲಿ. ಅಷ್ಟರಲ್ಲಿ ಎಷ್ಟೋ ಪಬ್ಬು ಮುಚ್ಚಿಯಾಗಿತ್ತು.

ಮೈಬಗ್ಗಿಸುವ ಮಾತಿಗೆ ಬರೋಣ. ಅಲ್ಲಿನ ಸಾಂಪ್ರದಾಯಿಕ ಬಿಯರು ಪೀಪಾಯಿಯೊಳಗೇ ಹುದುಗುತ್ತಿರುತ್ತದೆ. ಚಿಕ್ಕ ಪೀಪಾಯಿಗೆ 9 ಗ್ಯಾಲನ್, ಅಂದರೆ 72 ಪೈಂಟ್ (ಒಂದು ಪೈಂಟ್ ಅರ್ಧ ಲೀಟರಿಗೆ ತುಸು ಹೆಚ್ಚು). ತಳದ ಗಷ್ಟು ಕಳೆದರೆ ಮಾರಲು ಸಿಗುವುದು ಅದಕ್ಕೂ ಕಡಿಮೆ. ನೆಲಮಾಳಿಗೆ 11ರಿಂದ 13 ಡಿಗ್ರಿಯಲ್ಲಿರಬೇಕು. ಪೀಪಾಯಿಯನ್ನು ಅಡ್ಡ ಮಲಗಿಸಿ, ಅಲುಗದಂತೆ ಬೆಣೆ ಕೊಟ್ಟು, ಮೇಲಿನ ಬಿರಡೆಗೆ ಗಾಳಿಯಾಡುವ ಮೆದುಮರದ ಗೂಟ ಹೊಡೆಯಬೇಕು. ನೊರೆ ಉಕ್ಕುವುದು ನಿಂತ ಮೇಲೆ ಅದನ್ನು ಕಿತ್ತು ಗಟ್ಟಿಮರದ ಗೂಟ ಹಾಕಬೇಕು. ಬೇಗ ಹಾಕಿದರೆ ಬಿಯರು ನೊರೆಯೇ ನೊರೆ, ತಡವಾದರೆ ಸಪ್ಪೆ. ಗಷ್ಟು ಕೂತ ಮೇಲೆ ಮಾರಾಟ ಶುರು. ಪ್ರತಿ ಪೈಂಟ್ ಇಳಿದಾಗಲೂ ಒಳಗೆ ಗಾಳಿ ಸೇರುತ್ತದೆ, ಮೂರು ದಿನದಲ್ಲಿ ಖಾಲಿಯಾಗದಿದ್ದರೆ ಹುಳಿ. ಅಂದರೆ ಒಂದೇ ಬಗೆಯ ಬಿಯರಿಗೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಪೈಂಟ್ ಗಿರಾಕಿ ಬೇಕು. ನೂರು ಮನೆಯ ಹಳ್ಳಿಯಲ್ಲಿ ಮೂರು ಬಗೆ ಇಟ್ಟವನು ವಾರಾಂತ್ಯಕ್ಕೆ ಚರಂಡಿಗೆ ಸುರಿಯುವುದು ತನ್ನ ಲಾಭವನ್ನೇ. ಪೈಪು ವಾರಕ್ಕೊಮ್ಮೆ ತೊಳೆಯುವುದು ಬೇರೆ. ಸೋಮಾರಿಗಳು ಈ ಕೆಲಸಕ್ಕೆ ಬರುವುದೇ ಇಲ್ಲ.

ನಿಮ್ಮ ಪರವಾಗಿಯೂ ಒಂದು ಮಾತು: ಕುಡಿದು ಕಾರು ಓಡಿಸುವವರ ಉಸಿರು ಪರೀಕ್ಷೆ 1967ರಲ್ಲಿ ಬಂತು, ಸೂಪರ್‌ಮಾರ್ಕೆಟ್ಟಿನ ಅಗ್ಗದ ಡಬ್ಬಿ ಬಂತು, ಕೆಲಸ ಬರದ ಲ್ಯಾಂಡ್‌ಲಾರ್ಡ್‌ಗಳೂ ಇದ್ದರು. ಸರಿ. ಪಬ್ಬಿನೊಳಗೆ ಸಿಗರೇಟು ನಿಂತದ್ದು 2007ರ ಜುಲೈ 1ರಂದು.

ಅದೇ 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು. ನಿಷೇಧ ಒಳ್ಳೆಯದೇ ಇರಲಿ, ಅದರ ಚರ್ಚೆ ಬೇರೆ. ಆದರೆ ಯಾವ ಊರಿನಲ್ಲಿ ಸಾರಾಯಿ ಅಂಗಡಿ ಎಲ್ಲಿತ್ತು, ಹರಾಜು ಹಿಡಿದವರು ಯಾರು, ಗಲ್ಲೆಯಲ್ಲಿ ಕೂತವರು ಯಾರು, ಬಾಗಿಲ ಮುಂದೆ ಧರಣಿ ಕೂತ ಹೆಂಗಸರು ಯಾರು ಎಂದು ಬರೆದಿಟ್ಟ ಊರು ಎಷ್ಟಿವೆ? ನಮ್ಮ ಸ್ಮರಣ ಸಂಚಿಕೆ ತೆರೆದರೆ ಸ್ಥಳಪುರಾಣ, ಒಂದು ಶಾಸನ, ಶಾಸಕರ ಶುಭಾಶಯ, ದಾನಿಗಳ ಫೋಟೊ. ಖಾನಾವಳಿಯವರು, ಹೋಟೆಲಿನವರು, ಅಕ್ಕಿ ಗಿರಣಿಯವರು ಆ ಊರಿನಲ್ಲಿ ಬದುಕಿಯೇ ಇರಲಿಲ್ಲವೇನೋ! ಪಂಚಾಯಿತಿಯ ಹಳೆಯ ಲೈಸೆನ್ಸ್ ಪುಸ್ತಕಗಳು ರದ್ದಿಗೆ ಹೋಗುವುದನ್ನು ಯಾರೂ ಕಳವು ಎಂದು ಕರೆಯುವುದಿಲ್ಲ.

ಮಗಳ ಊರಿನವರಿಗೆ ಎರಡು ಸುದ್ದಿ ತಲುಪಿಸಿ. 2011ರ ಲೋಕಲಿಸಂ ಕಾಯ್ದೆಯಡಿ ಪಬ್ಬನ್ನು ‘ಸಮುದಾಯದ ಆಸ್ತಿ’ ಎಂದು ಪಟ್ಟಿ ಮಾಡಿಸಿದ್ದರೆ, ಮಾಲೀಕ ಮಾರಲು ಹೊರಟಾಗ ಊರವರು ಆರು ವಾರದೊಳಗೆ ಆಸಕ್ತಿ ತಿಳಿಸಬಹುದು. ತಿಳಿಸಿದರೆ ಹಣ ಕೂಡಿಸಲು ಒಟ್ಟು ಆರು ತಿಂಗಳು ಸಿಗುತ್ತದೆ. ಕಾರ್ಲೈಲಿನ ದಕ್ಷಿಣಕ್ಕೆ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯವರು ಈ ಕಾಯ್ದೆಗೂ ಮೊದಲೇ, 2003ರಲ್ಲಿ, ‘ಓಲ್ಡ್ ಕ್ರೌನ್’ ಪಬ್ಬನ್ನು ಸಹಕಾರಿ ಪದ್ಧತಿಯಲ್ಲಿ ಕೊಂಡರು. ಎರಡನೆಯದು: 1931ರ ಜನಗಣತಿ ಬೆಂಕಿಗೆ ಹೋಯಿತು, 1941ರಲ್ಲಿ ನಡೆಯಲೇ ಇಲ್ಲ. ಹಾಗಾಗಿ ಆ ಸರ್ಕಾರಿ ಮ್ಯಾನೇಜರುಗಳ ಹೆಸರು ಬೇಕಾದರೆ 1921ರ ಗಣತಿ ಮತ್ತು ಯುದ್ಧ ಶುರುವಾದಾಗ ಜನರನ್ನು ಪಟ್ಟಿ ಮಾಡಿದ 1939ರ ರಿಜಿಸ್ಟರು, ಎರಡನ್ನೂ ತೆಗೆಸಿ ನೋಡಲಿ.