ಮ್ಯೂನ್‌ಸ್ಟರ್‌ಗೆ ಹೊರಟ ಉಡುಪಿಯವರಿಗೆ

‘ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ ಅಕ್ಟೋಬರ್‌ನಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ಗೆ ಗಣಿತದ ಪಿಎಚ್.ಡಿ.ಗೆ ಬರುತ್ತಿದ್ದೇನೆ, ವಿಷಯ ಗ್ರೂಪ್ ಆಕ್ಷನ್‌ಗಳ ಆಯಾಮ, ಚಳಿ-ಊಟ ಹೇಗೆ, ಒಂಟಿತನ ಕಾಡುತ್ತದಾ, ವಿಷಯ ಕೈಗೆ ಹತ್ತುತ್ತದಾ’ ಅಂತ ನೀವು ಕೇಳಿದ್ದೀರಿ. ನಾನೂ ಉಡುಪಿಯ ಕಡೆಯವನೇ. ಇದೇ ಕೆಲಸದಲ್ಲಿ ಇಲ್ಲೇ ನೆಲೆಸಿದ್ದೇನೆ.

ಚಳಿಗೆ ಒಳ್ಳೆಯ ಜಾಕೆಟ್ ಸಾಕು. ಅದನ್ನು ಇಲ್ಲೇ ತೆಗೆದುಕೊಳ್ಳಿ. ಇಲ್ಲಿನವರು ಮಳೆ ಜಾಸ್ತಿ ಅಂತ ಹೆದರಿಸುತ್ತಾರೆ, ನಂಬಬೇಡಿ. ನಮ್ಮ ಊರಿನ ಜುಲೈ ಒಂದೇ ತಿಂಗಳ ಮಳೆಯಷ್ಟು ಇಲ್ಲಿ ವರ್ಷಪೂರ್ತಿ ಬರುವುದಿಲ್ಲ. ತೆಂಗಿನೆಣ್ಣೆ ಅಗಲ ಬಾಯಿಯ ಡಬ್ಬಿಯಲ್ಲಿ ಇಡಿ. ಚಳಿಗೆ ಕಲ್ಲಾಗುತ್ತದೆ, ಚಮಚದಲ್ಲಿ ಕೆರೆಯಬೇಕು. ಮನೆ ಸಿಕ್ಕ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ. ಬ್ಯಾಂಕು, ತೆರಿಗೆ ನಂಬರು ಎಲ್ಲಕ್ಕೂ ಅದೇ ಬೇಕಾಗುತ್ತದೆ. ಒಂದು ಸೈಕಲ್ ಕೊಳ್ಳಿ. ಇಷ್ಟು ಸಾಕು.

ಈಗ ವಿಷಯಕ್ಕೆ ಬರುತ್ತೇನೆ. 0ಯಿಂದ 1ರವರೆಗಿನ ಸಂಖ್ಯೆಗಳನ್ನು ಎರಡೂ ಕಡೆ ಕೊನೆಯಿಲ್ಲದ ಸಾಲಾಗಿ ಬರೆದು, ಇಡೀ ಸಾಲನ್ನು ಒಂದೊಂದೇ ಹೆಜ್ಜೆ ಸರಿಸುವುದನ್ನು ನೀವು ನೋಡಿರುತ್ತೀರಿ, ಅದೇ ಶಿಫ್ಟ್. ಹೀಗೆ ಸರಿಸುವ ಹೆಜ್ಜೆಗಳೆಲ್ಲ ಸೇರಿ ಒಂದು ಗ್ರೂಪ್, ಅವು ಸಾಲುಗಳನ್ನು ಸರಿಸುವುದೇ ಗ್ರೂಪ್ ಆಕ್ಷನ್. ಅಂಥ ಎಲ್ಲ ಸಾಲುಗಳ ಸ್ಪೇಸ್‌ಗೆ ಅನಂತ ಆಯಾಮ. ಆದರೆ ಒಂದು ಹೆಜ್ಜೆಗೆ ಹೊಸದಾಗಿ ಬೇಕಾಗುವುದು ಒಂದೇ ಸಂಖ್ಯೆ. ಹೀಗೆ ಹೆಜ್ಜೆಗೆ ಎಷ್ಟು ಆಯಾಮ ಅಂತ ಅಳೆಯುವುದೇ ಮೀನ್ ಡೈಮೆನ್ಶನ್. ಕಲ್ಪನೆ ಗಣಿತಜ್ಞ ಗ್ರೊಮೊವ್ ಅವರದು, ಬೆಳೆಸಿದವರು ಲಿಂಡೆನ್‌ಸ್ಟ್ರಾಸ್ ಮತ್ತು ವೈಸ್. ಅವರ 2000ದ ಪ್ರಬಂಧವನ್ನು ಬರುವ ಮುಂಚೆಯೇ ಪೆನ್ನು ಹಿಡಿದು ಓದಿ. ಯಾವ ಬಿಂದುವಿನಿಂದ ಹೊರಟರೂ ಸ್ಪೇಸ್‌ನ ಪ್ರತಿ ಬಿಂದುವಿನ ಹತ್ತಿರಕ್ಕೂ ಹೋಗುವ ಸಿಸ್ಟಮ್ ಮಿನಿಮಲ್. ಎಲ್ಲ ಮಿನಿಮಲ್ ಸಿಸ್ಟಮ್‌ಗಳನ್ನೂ ಆ ಶಿಫ್ಟ್‌ನೊಳಗೆ ಹಾಗೆಯೇ ಕೂರಿಸಬಹುದಾ ಅಂತ 1988ರಲ್ಲಿ ಆಸ್ಲಾಂಡರ್ ಕೇಳಿದ್ದರು. ಆಗುವುದಿಲ್ಲ ಅಂತ ಲಿಂಡೆನ್‌ಸ್ಟ್ರಾಸ್ ಮತ್ತು ವೈಸ್ ಆ ಪ್ರಬಂಧದಲ್ಲಿ ತೋರಿಸಿದ್ದಾರೆ.

ಆಮೇಲಿನ ಕಥೆ ನನಗೆ ಬಹಳ ಇಷ್ಟ. ಸಾಲಿನ ಪ್ರತಿ ಜಾಗದಲ್ಲೂ ಡಿ ಸಂಖ್ಯೆಗಳಿವೆ ಅನ್ನಿ. ಮಿನಿಮಲ್ ಸಿಸ್ಟಮ್‌ನ ಮೀನ್ ಡೈಮೆನ್ಶನ್ ಡಿಯ 36ನೇ ಒಂದು ಭಾಗಕ್ಕಿಂತ ಕಮ್ಮಿ ಇದ್ದರೆ ಅದು ಒಳಗೆ ಕೂರುತ್ತದೆ ಅಂತ ಲಿಂಡೆನ್‌ಸ್ಟ್ರಾಸ್ 1999ರಲ್ಲೇ ಸಾಧಿಸಿದ್ದರು. ಗುಟ್ಮನ್ ಮತ್ತು ತ್ಸುಕಮೊಟೊ 2020ರಲ್ಲಿ ಆ 36ನ್ನು 2ಕ್ಕೆ ತಂದರು. ಸರಿಯಾಗಿ ಡಿಯ ಅರ್ಧವಾದರೆ ಕೂರದ ಉದಾಹರಣೆ ಮೊದಲೇ ಇತ್ತು, ಹಾಗಾಗಿ ಇದಕ್ಕಿಂತ ಮುಂದೆ ಹೋಗುವ ಹಾಗಿಲ್ಲ. ಅವರಿಗೆ ದಾರಿ ಸಿಕ್ಕಿದ್ದು ಸಿಗ್ನಲ್ ಪ್ರೊಸೆಸಿಂಗ್‌ನಿಂದ, ಎಲೆಕ್ಟ್ರಾನಿಕ್ಸ್‌ನವರು ಓದುವ ವಿಷಯದಿಂದ!

ಗ್ರೂಪ್ ಬದಲಾದರೆ ಕಷ್ಟ ಶುರು. ಗ್ರೂಪ್‌ನ ಒಂದು ದೊಡ್ಡ ತುಂಡನ್ನು ಗದ್ದೆ ಅನ್ನಿ. ಸರಾಸರಿ ತೆಗೆಯಬೇಕಾದರೆ ದೊಡ್ಡ ಗದ್ದೆಯಲ್ಲಿ ಬದುವಿನ ಜಾಗ ಲೆಕ್ಕಕ್ಕೆ ಬರಬಾರದು. ಅಮೆನಬಲ್ ಗ್ರೂಪ್‌ಗಳಲ್ಲಿ ಅಂಥ ಗದ್ದೆಗಳು ಸಿಗುತ್ತವೆ. ಎರಡು ಜನರೇಟರ್‌ಗಳ ಫ್ರೀ ಗ್ರೂಪ್‌ನಲ್ಲಿ, ಅಂದರೆ ಎರಡು ಮೂಲ ಹೆಜ್ಜೆಗಳ ನಡುವೆ ಯಾವ ಸಂಬಂಧವೂ ಇಲ್ಲದ ಕಡೆ, ಎಷ್ಟು ದೊಡ್ಡದು ತೆಗೆದುಕೊಂಡರೂ ಬದುವೇ ಗದ್ದೆಯಷ್ಟಿರುತ್ತದೆ. ಅಲ್ಲಿ ಗ್ರೂಪನ್ನೇ ಸೀಮಿತ ಮಾದರಿಗಳಿಂದ ಅಂದಾಜಿಸುವ, ಸೋಫಿಕ್ ಅನ್ನುವ ಬೇರೆ ದಾರಿ ಹಿಡಿಯಬೇಕು.

ನಿಜವಾದ ಕಷ್ಟ ಸೆಮಿನಾರ್‌ನಲ್ಲಿದೆ ಮಾರಾಯ್ರೆ. ಟೀಚರ್ ಎದುರು ಸುಮ್ನೆ ಕೂರುವುದೇ ಮರ್ಯಾದೆ ಅಂತ ಬೆಳೆದವರು ನಾವು, ಅಲ್ವಾ? ಇಲ್ಲಿ ಹೆಸರಾಂತ ಪ್ರೊಫೆಸರ್ರೇ ಮೊದಲ ಹತ್ತು ನಿಮಿಷದೊಳಗೆ ಕೈಯೆತ್ತಿ, ಬೋರ್ಡಿನ ಆ ಚಿಹ್ನೆ ಏನು ಅಂತ ಕೇಳುತ್ತಾರೆ. ಯಾರೂ ನಗುವುದಿಲ್ಲ. ಈ ವಿಷಯಕ್ಕೆ ಟೊಪಾಲಜಿಯವರು, ಆಪರೇಟರ್ ಆಲ್ಜಿಬ್ರಾದವರು, ಗ್ರೂಪ್ ಥಿಯರಿಯವರು ಎಲ್ಲರೂ ಬರುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬಾರದು, ಕೇಳಿಯೇ ಕಲಿಯುವುದು. ಕೋಣೆಯಲ್ಲಿ ಒಬ್ಬರೇ ಕೂತು ಪೂರ್ತಿ ಅರ್ಥವಾದ ಮೇಲೆ ಮಾತಾಡುತ್ತೇನೆ ಅಂದುಕೊಂಡರೆ ಮೊದಲ ವರ್ಷ ಹಾಗೆಯೇ ಕಳೆದುಹೋಗುತ್ತದೆ. ನೀವು ಕೇಳಿದ ಒಂಟಿತನಕ್ಕೂ ಅದೇ ಕಾರಣವಾಗುತ್ತದೆ. ಸೆಮಿನಾರ್ ಮುಗಿದ ಮೇಲೆ ಕಾಫಿಗೆ ನಿಲ್ಲಿ, ಓಡಬೇಡಿ.

ಸೆಮಿನಾರ್ ಇಂಗ್ಲಿಷ್‌ನಲ್ಲೇ. ಆದರೆ ಮನೆ ಮಾಲೀಕರ ಕಾಗದ ಜರ್ಮನ್‌ನಲ್ಲಿ ಬರುತ್ತದೆ, ಭಾಷೆಯನ್ನು ಈಗಲೇ ಶುರು ಮಾಡಿ. ಟಿಕೆಟ್ ಆದ ಮೇಲೆ ತಾರೀಕು ತಿಳಿಸಿ, ನಾನು ಸ್ಟೇಷನ್‌ಗೆ ಬರುತ್ತೇನೆ. ಕುಚ್ಚಲಕ್ಕಿ ಹೊತ್ತುಕೊಂಡು ಬರಬೇಡಿ, ಮೊದಲ ತಿಂಗಳಿಗೆ ಆಗುವಷ್ಟು ನನ್ನಲ್ಲಿದೆ.