ಪೇಟೆಗೆ ಬಂದ ಮೇಲೆ ಏರಿದ ಅಮ್ಮನ ತೂಕ
ಕಾರ್ಕಳದ ಮನೆಯಿಂದ ಮಂಗಳೂರಿನ ಫ್ಲ್ಯಾಟಿಗೆ ಬಂದ ಮೇಲೆ ಅಮ್ಮನ ತೂಕ ಏರುತ್ತಿದೆ, ಊಟ ಮೊದಲಿನಷ್ಟೇ, ಇದು ಸೋಮಾರಿತನವೇ ಎಂದು ಕೇಳಿದ್ದೀರಿ. ಅಲ್ಲ, ದಯವಿಟ್ಟು ಅವರನ್ನು ದೂರಬೇಡಿ. ಊರಲ್ಲಿ ತೋಟ, ಹಟ್ಟಿ, ಬಾವಿ ಅಂತ ದಿನವಿಡೀ ಮೈ ದುಡಿಯುತ್ತಿತ್ತು. ಇಲ್ಲಿ ಲಿಫ್ಟು, ಮಿಕ್ಸಿ, ಬಾಗಿಲಿಗೇ ಬರುವ ತರಕಾರಿ. ಕುಚ್ಚಲಕ್ಕಿ ಅನ್ನ ಮಾತ್ರ ಮೊದಲಿನಷ್ಟೇ. ವಯಸ್ಸು, ಮುಟ್ಟು ನಿಲ್ಲುವ ಕಾಲವೂ ಸೇರಿಕೊಳ್ಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ನಗರದ ಮಹಿಳೆಯರಲ್ಲಿ ಸುಮಾರು ಶೇ. 33, ಹಳ್ಳಿಯವರಲ್ಲಿ ಶೇ. 20 ಮಂದಿಗೆ ತೂಕ ಹೆಚ್ಚಿತ್ತು. ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದ್ದರೆ ಶುಗರ್, ಬಿಪಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಂಜೆ ಕದ್ರಿ ಪಾರ್ಕಿಗೆ ನೀವೂ ಜೊತೆಗೆ ಹೋಗಿ. ಪರಿಚಯವಿಲ್ಲದ ಪೇಟೆಯಲ್ಲಿ ಒಬ್ಬರೇ ಹೊರಡಲು ಎಷ್ಟೋ ಅಮ್ಮಂದಿರು ಹಿಂಜರಿಯುತ್ತಾರೆ.